ವಾಲಿದ ಅಂಚು

ಮೂರನೆಯ ಫಲಕವನ್ನು ಬೀಗರು ಕೈಯಿಂದ ಕೆಳಗಿಡಲೇ ಇಲ್ಲ.

ಸರ್ವೇಯರ್ ದೊಡ್ಡಮ್ಮನ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಹಿಂದಿನ ಎರಡು ಫಲಕಗಳು ಬಂದಾಗ ಇದೇ ಮನುಷ್ಯ ಪೇಪರಿನ ಹಿಂದೆ ಮುಖ ಹುದುಗಿಸಿಕೊಂಡು ಕೂತಿದ್ದರು. ಮಗ ಕಾಣೆಯಾಗಿ ವರ್ಷ ತುಂಬುತ್ತ ಬಂದಿದೆ, ಅವನ ಕೈಕೆಲಸದಂಥ ವಸ್ತು ಮನೆಗೆ ಬಂದಿದೆ, ಅಪ್ಪ ಪದಬಂಧ ಬಿಡಿಸುತ್ತಿದ್ದಾರೆ. ಸಂಕಟ ಒಬ್ಬೊಬ್ಬರಲ್ಲಿ ಒಂದೊಂದು ವೇಷ ಹಾಕುತ್ತದೆ ಎಂದು ದೊಡ್ಡಮ್ಮ ಆಗ ಸುಮ್ಮನಾಗಿದ್ದರು. ಕೆಲಸದ ಆಯುಸ್ಸನ್ನೆಲ್ಲ ವಿಮಾ ಕಂಪನಿಗಾಗಿ ಸುಟ್ಟ ಅಂಗಡಿ, ಮುಳುಗಿದ ಗೋದಾಮುಗಳಲ್ಲಿ ಸವೆಸಿ, ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಬರೆದುಕೊಟ್ಟು ಸಂಬಳ ತಿಂದವರು ಅವರು. ಆದರೂ ಬೀಗರ ಪದಬಂಧವನ್ನು ಮಾತ್ರ ಸಂಶಯಿಸಲಿಲ್ಲ. ನೆಂಟಸ್ತಿಕೆ ಭೂತಗನ್ನಡಿಗೂ ಮಂಜು ಹಿಡಿಸುತ್ತದೆ.

ಇವತ್ತು ಬೀಗರು ಗಡ್ಡ ಹೆರೆದುಕೊಂಡಿದ್ದರು. ಇಸ್ತ್ರಿ ಅಂಗಿ. ಮನೆಯ ಹಿಂದಿನ ಕೋಣೆಯಲ್ಲಿ, ಮಗನ ಲೇಸರ್ ಯಂತ್ರದ ಪಕ್ಕದ ಕುರ್ಚಿಯಲ್ಲಿ, ಫಲಕವನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಕೊಡಿ ಬೀಗರೇ, ಒಂದು ಗಳಿಗೆ ನೋಡಿ ಕೊಡ್ತೀನಿ."

"ಅಲ್ಲಿಂದಲೇ ನೋಡಿ."

"ಇಲ್ಲಿಂದ ನೋಡೋಕೆ ನಾನೇನು ಸಿನಿಮಾಕ್ಕೆ ಬಂದಿದ್ದೀನಾ?"

ಬಾಗಿಲಲ್ಲಿ ನಿಂತಿದ್ದ ಪುಟ್ಟಿ ನಕ್ಕಳು. ಪುಟ್ಟಿ ಎಂದರೆ ಬೀಗರ ಸೊಸೆ, ಕಾಣೆಯಾದವನ ಹೆಂಡತಿ, ದೊಡ್ಡಮ್ಮನ ತಂಗಿಯ ಮಗಳು. ತಂಗಿ ಬೇಗ ಹೋದದ್ದರಿಂದ ಈ ಹುಡುಗಿಗೆ ಜಡೆ ಹಾಕಿದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು, ಮದುವೆ ಮಾಡಿದ್ದು ಎಲ್ಲ ದೊಡ್ಡಮ್ಮನೇ. ಚಿಕ್ಕವಳಿದ್ದಾಗ ಮನೆಯಲ್ಲಿ ಏನಾದರೂ ಒಡೆದರೆ ಅವಳದೊಂದು ಪ್ರಶ್ನೆ ಇರುತ್ತಿತ್ತು: "ಕೇಳ್ತಿರೋದು ದೊಡ್ಡಮ್ಮನಾ, ಸರ್ವೇಯರ್ರಾ?" ದೊಡ್ಡಮ್ಮ ಅಂದರೆ ನಾನೇ ಒಡೆದೆ ಎಂದು ಮಡಿಲಿಗೆ ಬಂದು ಬೀಳುವಳು. ಸರ್ವೇಯರ್ ಅಂದರೆ ತಪ್ಪೆಲ್ಲ ಬೆಕ್ಕಿನ ತಲೆಗೆ.

ಈಗ ಅವಳು ಕಣ್ಣಿನ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿಗೆ ಹೊರಟವಳು ಒಳಗೆ ಬಂದು, ಕೇಳದೆಯೇ ದೊಡ್ಡಮ್ಮನ ಮುಖದಿಂದ ಕನ್ನಡಕ ಕಿತ್ತುಕೊಂಡಳು. ಕೈಚೀಲದಿಂದ ಸ್ಪಿರಿಟ್ ಹತ್ತಿ ತೆಗೆದು ತಿಕ್ಕಿದಳು. ಆ ಮನೆಯಲ್ಲಿ ಅವಳ ಕೈಗೆ ಸಿಕ್ಕಿದ್ದೆಲ್ಲ ರೋಗಿಯೇ. ಫೋನು, ಚಮಚ, ಬಾಗಿಲ ಹಿಡಿ, ಯಾವುದನ್ನೂ ಒರೆಸದೆ ಬಿಟ್ಟವಳಲ್ಲ.

"ಇಷ್ಟು ಕೊಳೆ ಇಟ್ಕೊಂಡ್ರೆ ಯಾವ ಕಳ್ಳ ಕಾಣ್ತಾನೆ ದೊಡ್ಡಮ್ಮ?"

ಕನ್ನಡಕ ತೊಡಿಸುವ ನೆಪದಲ್ಲಿ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು. "ಬೆಳಿಗ್ಗೆ ಮಾವ ಎರಡನೇ ಸಲ ಬಡಿಸ್ಕೊಂಡ್ರು. ಆಸ್ಪತ್ರೆಯಿಂದ ಬಂದ ಮೇಲೆ ಇದೇ ಮೊದಲು. ಜಾಸ್ತಿ ಕೆದಕಬೇಡಿ."

ಅವಳ ಮುಖವನ್ನು ದೊಡ್ಡಮ್ಮ ಅಷ್ಟು ಹತ್ತಿರದಿಂದ ನೋಡಿದರು. ಅಲ್ಲಿ ನೆಮ್ಮದಿ ಇತ್ತು. ಗಂಡನ ಸುದ್ದಿ ಬಂದವಳ ಆಸೆ ಇರಲಿಲ್ಲ. ಅದನ್ನು ಮನಸ್ಸಿನ ಒಂದು ಮೂಲೆಗೆ ಸರಿಸಿ ಅವಳನ್ನು ಕಳಿಸಿಕೊಟ್ಟರು.

"ನೋಡಿ ಬೀಗರೇ," ಎಂದರು ಆಮೇಲೆ. "ಇನ್‌ಸ್ಪೆಕ್ಟರ್ ಫೈಲು ಮುಚ್ಚಿ, ಕಟ್ಟಿ, ಅಟ್ಟಕ್ಕೆ ಎಸೆಯೋಕೆ ಕಾಯ್ತಿದ್ದಾರೆ. ಇದು ನಿಮ್ಮ ಮಗ ಕಳಿಸಿದ್ದೇ ಅಂತ ನಾನು ಬರೆದುಕೊಟ್ಟರೆ ಹುಡುಕ್ತಾರೆ. ಇಲ್ಲಾಂದ್ರೆ ಇಲ್ಲ. ಕೊಡ್ತೀರೋ, ತೊಟ್ಟಿಲು ತೂಗ್ತೀರೋ?"

ಬೀಗರು ಕೊಟ್ಟರು. ಕೊಟ್ಟ ಕೈ ಗಾಳಿಯಲ್ಲೇ ಸ್ವಲ್ಪ ಹೊತ್ತು ಉಳಿಯಿತು.

ಹೆಬ್ಬೆರಳಿನಷ್ಟು ದಪ್ಪದ, ಅಂಗೈ ಅಗಲದ ಅಕ್ರಿಲಿಕ್. ಒಳಗೆ ತೇಲುತ್ತಿರುವಂತೆ ಒಂದು ಮುಕ್ಕಾಲಿಯ ಚಿತ್ರ. ಅದರ ಒಂದು ಕಾಲಿಗೆ ತಂತಿ ಸುತ್ತಿದೆ. ಮೊದಲನೆಯ ಫಲಕದಲ್ಲಿ ಇದ್ದದ್ದು ಗಂಡಹೆಂಡಿರ ಕೋಣೆಯ ಬಿರುಕು ಗಾಜಿನ ಕಿಟಕಿ, ಎರಡನೆಯದರಲ್ಲಿ ಒಂದು ಕಡ್ಡಿ ಮುರಿದ ಕೊಡೆ. ಆ ಎರಡೂ ಬಂದದ್ದು ಪುಟ್ಟಿಯ ಹೆಸರಿಗೆ. ಇದು ಬೀಗರ ಹೆಸರಿಗೆ. ಯಾವ ಪೊಟ್ಟಣದ ಮೇಲೂ ಕಳಿಸಿದವರ ವಿಳಾಸವಿಲ್ಲ.

ದೊಡ್ಡಮ್ಮ ಫಲಕದ ಮುಂಬದಿಯ ಮೇಲೆ ಉಗುರು ಎಳೆದರು. ನೀರಿನಷ್ಟು ನುಣುಪು. ಹಿಂದೆ ತಿರುಗಿಸಿ ಎಳೆದರು. ಉಗುರು ಗರಗರ ಅಂದಿತು.

ಅಂದರೆ ಇದನ್ನು ಹಿಂದಿನಿಂದ ಕೆತ್ತಲಾಗಿದೆ. ಕಾಣೆಯಾದವನ ಪದ್ಧತಿಯೇ ಅದು. ಚಿತ್ರವನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ಬೆನ್ನಿಗೆ ಕೆತ್ತುತ್ತಿದ್ದ. ಮುಂದಿನಿಂದ ನೋಡಿದವರಿಗೆ ಚಿತ್ರ ಗಾಜಿನೊಳಗೆ ಹುಟ್ಟಿದ ಹಾಗೆ ಕಾಣಬೇಕು, ಬೆರಳಿಗೆ ಸಿಗಬಾರದು. ಹಿಂದಿನ ಎರಡು ಫಲಕಗಳಲ್ಲಿ ಚಿತ್ರ ಮುಂಬದಿಯಲ್ಲೇ ಉಗುರಿಗೆ ಸಿಕ್ಕಿತ್ತು. ಆತುರದಲ್ಲಿ ಮಾಡಿರಬೇಕು ಎಂದು ಎಲ್ಲರೂ ಸಮಾಧಾನ ಹೇಳಿಕೊಂಡಿದ್ದರು. ಸಮಾಧಾನ ಬೇಕಾದವರಿಗೆ ಕಾರಣ ಯಾವುದಾದರೂ ನಡೆಯುತ್ತದೆ.

ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಅಂಚಿನ ನೇರ ನೋಡುವ ಉಕ್ಕಿನ ಮೂಲೆಮಟ್ಟವನ್ನು ದೊಡ್ಡಮ್ಮ ಕೈಗೆ ತೆಗೆದುಕೊಂಡರು. ಫಲಕವನ್ನು ಮೇಜಿನ ಮೇಲೆ ಮಲಗಿಸಿ, ಕತ್ತರಿಸಿದ ಅಂಚಿಗೆ ಮಟ್ಟವನ್ನು ಒರಗಿಸಿ, ಕಿಟಕಿಯ ಬೆಳಕಿಗೆ ತಿರುಗಿಸಿದರು.

ಕೆಳಗೆ ಅಂಟಿಕೊಂಡಿತ್ತು. ಮೇಲೆ ಕೂದಲೆಳೆಯಷ್ಟು ಬೆಳಕು ನುಸುಳುತ್ತಿತ್ತು.

ತೆಳ್ಳನೆಯ ಹಾಳೆಯಾಗಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈ ಯಂತ್ರದಲ್ಲಿ ಬೆಳಕಿನ ಎಳೆ ಮೂರು ಪುಟ್ಟ ಕನ್ನಡಿಗಳಿಗೆ ತಾಗಿ, ಕೊನೆಗೆ ನೆಟ್ಟಗೆ ಕೆಳಗಿಳಿದು ಕತ್ತರಿಸಬೇಕು. ಕನ್ನಡಿ ಒಂದಿಷ್ಟು ಓರೆಯಾದರೆ ಎಳೆಯೂ ಓರೆ. ದಪ್ಪ ಹಾಳೆಯೊಳಗೆ ಆಳಕ್ಕೆ ಹೋದಂತೆಲ್ಲ ಆ ಓರೆ ಬೆಳೆಯುತ್ತ ಹೋಗಿ ಅಂಚೇ ವಾಲುತ್ತದೆ. ತಮ್ಮ ಚೀಲದಲ್ಲಿದ್ದ ಮೊದಲೆರಡು ಫಲಕಗಳಿಗೂ ಮಟ್ಟ ಹಿಡಿದರು. ಅದೇ ವಾಲು, ಅದೇ ಬದಿ.

ಹೊರಗೆ ಹೋಗಿ ಬಾಗಿಲ ಪಕ್ಕದ ನಾಮಫಲಕಕ್ಕೆ ಹಿಡಿದು ನೋಡಿದರು. ಮದುವೆಯಾದ ಹೊಸದರಲ್ಲಿ ಅವನು ಇದೇ ಯಂತ್ರದಲ್ಲಿ, ಇಷ್ಟೇ ದಪ್ಪದ ಹಾಳೆಯಲ್ಲಿ ಕೊಯ್ದದ್ದು. ಸಿಪಾಯಿಯ ಹಾಗೆ ನೆಟ್ಟಗೆ ನಿಂತಿತ್ತು. ಹೋಗುವ ಮುನ್ನ ಅವನು ಕೊಯ್ದು ಕಪಾಟಿನಲ್ಲಿ ಬಿಟ್ಟಿದ್ದ ಕೊನೆಯ ತುಂಡೂ ನೆಟ್ಟಗಿತ್ತು.

ಮೂರು ಫಲಕಗಳೂ ಈ ಕೋಣೆಯಲ್ಲೇ ಹುಟ್ಟಿದವು. ಅವನು ಹೋದ ಮೇಲೆ.

ದೊಡ್ಡಮ್ಮ ಒಳಗೆ ಬಂದಾಗ ಬೀಗರು ಮಗನ ಸ್ಕ್ರೂಡ್ರೈವರುಗಳನ್ನು ಎತ್ತರದ ಪ್ರಕಾರ ಜೋಡಿಸುತ್ತಿದ್ದರು. ಗಡಿಯಾರ ರಿಪೇರಿ ಮಾಡಿ ಬದುಕಿದವರ ಬೆರಳಿಗೆ ನಿವೃತ್ತಿ ಎಂಬುದಿಲ್ಲ.

"ಬೀಗರೇ, ಈ ಯಂತ್ರ ನಡೆಸೋದು ನಿಮಗೆ ಗೊತ್ತಾ?"

"ಅದರ ಸ್ವಿಚ್ಚು ಎಲ್ಲಿದೆ ಅಂತಲೂ ಗೊತ್ತಿಲ್ಲ. ಪೊಲೀಸರಿಗೂ ಅದನ್ನೇ ಹೇಳಿದ್ದೀನಿ."

"ನನಗೂ ಗೊತ್ತಿಲ್ಲ. ನೋಡೋಣ, ಏನಾಗುತ್ತೆ," ಎಂದು ದೊಡ್ಡಮ್ಮ ಯಂತ್ರದ ಕೀಲಿ ತಿರುಗಿಸಿ ಹಸಿರು ಗುಂಡಿಯತ್ತ ಬೆರಳು ಒಯ್ದರು.

"ಮುಟ್ಟಬೇಡಿ," ಬೀಗರು ಕುರ್ಚಿ ಬೀಳಿಸಿ ಎದ್ದರು. "ನೀರಿನ ಪಂಪ್ ಹಾಕಿಲ್ಲ. ಗಾಜಿನ ಕೊಳವೆ ಕಾದು ಒಡೆದುಹೋಗುತ್ತೆ."

ದೊಡ್ಡಮ್ಮ ಗುಂಡಿ ಒತ್ತಿಯೇಬಿಟ್ಟರು. ಏನೂ ಆಗಲಿಲ್ಲ. ಯಂತ್ರದ ಪ್ಲಗ್ ಗೋಡೆಯಿಂದ ಕಿತ್ತು ನೆಲದ ಮೇಲೆ ಬಿದ್ದುಕೊಂಡಿತ್ತು. ಒಳಗೆ ಬರುವಾಗ ದೊಡ್ಡಮ್ಮನೇ ಕಿತ್ತಿದ್ದು.

ಬೀಗರು ಪ್ಲಗ್ಗನ್ನು ನೋಡಿದರು. ಪಂಪನ್ನು ನೋಡಿದರು. ಬಿದ್ದ ಕುರ್ಚಿಯನ್ನು ಎತ್ತಿ, ಕೂತು, ಎರಡೂ ಕೈಯನ್ನು ಮಂಡಿಗಳ ನಡುವೆ ಬಚ್ಚಿಟ್ಟುಕೊಂಡರು.

"ಒಳ್ಳೆ ಹೆಂಗಸು ನೀವು," ಎಂದರು. ಹೊಗಳಿಕೆ ಆಗಿರಲಿಲ್ಲ.

"ಯಾವಾಗ ಮಾಡ್ತಿದ್ರಿ?"

"ಅವಳು ಡ್ಯೂಟಿಗೆ ಹೋದಾಗ." ಅವರ ಧ್ವನಿ ನೆಲದ ಜೊತೆ ಮಾತಾಡುತ್ತಿತ್ತು. ಮಗನನ್ನು ಅವರು ಯಾವಾಗಲೂ ಮರಿ ಎಂದೇ ಕರೆಯುವುದು. "ಮರಿ ಕೆಲಸ ಮಾಡೋದನ್ನ ಈ ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಒಂದಷ್ಟು ತಲೆಗೆ ಹತ್ತಿತ್ತು. ಮಿಕ್ಕಿದ್ದು ಹಾಳೆ ಸುಟ್ಟು ಸುಟ್ಟು ಕಲಿತೆ. ಒಂದ್ಸಲ ಬೆಂಕಿಯೇ ಹತ್ಕೊಂಡಿತ್ತು. ಒದ್ದೆ ಕಂಬಳಿ ಹಾಕಿ ಆರಿಸಿದೆ."

"ಯಾಕೆ ಬೀಗರೇ?"

"ಯಾಕೆ ಅಂದ್ರೆ..." ಅವರು ತಡವರಿಸಿದರು. "ಮೊದಲನೆಯದು ಬರೋಕೆ ಮುಂಚೆ ನೀವು ಇಲ್ಲಿರಲಿಲ್ಲ. ಅವಳು ತಟ್ಟೆ ಮುಂದೆ ಕೂತ್ಕೊಳ್ಳೋಳು, ಅನ್ನ ಕಲಸೋಳು, ಹಾಗೇ ಎದ್ದು ಹೋಗೋಳು. ದಿನಾ. ನನಗೆ ಮಾತು ಬರಲ್ಲ. ಗಡಿಯಾರ ನಿಂತರೆ ಬಿಚ್ಚಿ ನೋಡಬಹುದು. ಮನುಷ್ಯರನ್ನ ಎಲ್ಲಿ ಬಿಚ್ಚೋದು? ಮರಿ ಎಲ್ಲೋ ಇದ್ದಾನೆ, ನೆನಪಿಟ್ಕೊಂಡಿದ್ದಾನೆ ಅಂತ ಅವಳಿಗೆ ಅನ್ನಿಸಿದ್ರೆ ಸಾಕು ಅಂದ್ಕೊಂಡೆ. ಕಿಟಕಿ ಚಿತ್ರ ಬಂತಲ್ಲ, ಅವತ್ತು ತಟ್ಟೆ ಖಾಲಿ ಮಾಡಿದಳು."

"ಆಮೇಲೆ ಎರಡನೆಯದು."

"ಮತ್ತೆ ಊಟ ಬಿಡೋಕೆ ಶುರು ಮಾಡಿದಳು. ಇನ್ನೇನು ಮಾಡಲಿ?"

ದೊಡ್ಡಮ್ಮನ ಬಳಿ ಇಂಥ ಹೊತ್ತಿಗೆಂದು ಕಂಪನಿ ಕಲಿಸಿದ ವಾಕ್ಯಗಳು ಬೇಕಾದಷ್ಟಿದ್ದವು. ಅವನ್ನೆಲ್ಲ ಬದಿಗಿಟ್ಟು ಕೇಳಿದರು. "ಒಳಗಿನ ಕನ್ನಡಿ ಯಾವಾಗ ಅಲುಗಾಡಿಸಿದ್ರಿ?"

ಬೀಗರು ಬೆಚ್ಚಿದರು. "ಅದೂ ಗೊತ್ತಾ ನಿಮಗೆ? ಮೊದಲನೇ ದಿನವೇ. ಧೂಳು ಒರೆಸೋಕೆ ಹೋಗಿ ಕೈ ತಾಗ್ತು. ಸರಿ ಮಾಡೋಣ ಅಂತ ತಿರುಪು ತಿರುಗಿಸಿದೆ. ಹುಟ್ಟಿದಾಗಿನಿಂದ ತಿರುಪಿನ ಜೊತೆ ಸಂಸಾರ ಮಾಡಿದವನು ನಾನು, ಅದೊಂದು ಮಾತ್ರ ಮಾತು ಕೇಳಲಿಲ್ಲ."

ಆಮೇಲೆ ಅವರು ತಲೆ ಎತ್ತಿದರು. ಮುಖ ಹೊಳೆಯುತ್ತಿತ್ತು. ಸಿಕ್ಕಿಬಿದ್ದ ಮನುಷ್ಯ ಹಾಗೆ ಹೊಳೆಯುವುದಿಲ್ಲ.

"ಬೈಯಿರಿ, ಕೇಳ್ಕೋತೀನಿ. ಆದ್ರೆ ಬೀಗಿತಿಯವರೇ, ಆ ಎರಡು ಮಾತ್ರ ನನ್ನವು. ಇದು ನಾನು ಮಾಡಿದ್ದಲ್ಲ."

"ಗೊತ್ತು."

"ಗೊತ್ತಲ್ಲ? ಹಿಂದಿನಿಂದ ಕೆತ್ತೋದು ನನಗೆ ಬರೋದೇ ಇಲ್ಲ. ಚಿತ್ರ ತಿರುಗಿಸಬೇಕು, ಹಾಳೆ ತಿರುಗಿಸಬೇಕು, ಎಲ್ಲ ತಲೆಕೆಳಗಾಗುತ್ತೆ. ಮತ್ತೆ ಈ ಮುಕ್ಕಾಲಿ," ಅವರು ಚಿತ್ರದ ಮೇಲೆ ಬೆರಳಿಟ್ಟರು, "ನನ್ನ ಅಂಗಡಿಯದು. ಮರಿ ಇದರ ಮೇಲೆ ಹತ್ತಿ ನಿಂತು ನನ್ನ ಕೆಲಸ ನೋಡ್ತಿದ್ದ. ಒಂದ್ಸಲ ಕಾಲು ಮುರೀತು, ತಂತಿ ಸುತ್ತಿಕೊಟ್ಟೆ. ಪುಟ್ಟಿ ಈ ಮನೆಗೆ ಬರೋಕೆ ಎಷ್ಟೋ ಮುಂಚೆ ಅದು ಒಲೆ ಸೇರಿತ್ತು. ಅವಳು ನೋಡೇ ಇಲ್ಲ. ಈ ಲೋಕದಲ್ಲಿ ಇದು ಗೊತ್ತಿರೋದು ಇಬ್ಬರಿಗೇ."

ದೊಡ್ಡಮ್ಮನೂ ಒಬ್ಬ ಗಂಡನ ಜೊತೆ ಬಾಳಿದವರು. ದೀಪ ಆರಿಸಿದ ಮೇಲೆ ಗಂಡಸರು ಹೆಂಡತಿಗೆ ಹೇಳುವುದೆಲ್ಲ ಚಿಕ್ಕಂದಿನ ಇಂಥ ಮುಕ್ಕಾಲಿಗಳ ಕಥೆಯೇ ಎಂದು ಅವರಿಗೆ ಗೊತ್ತಿತ್ತು.

"ಅವನು ಇದ್ದಾನೆ," ಎಂದರು ಬೀಗರು. "ನಾನು ಅವನ ಹೆಸರಲ್ಲಿ ಸುಳ್ಳು ಹೇಳಿದೆ, ಅವನು ನಿಜ ಮಾಡಿಕೊಟ್ಟ. ಅಪ್ಪನಿಗೆ ಅಂತಲೇ ಕಳಿಸಿದ್ದಾನೆ. ಬರೆದುಕೊಡಿ ನೀವು."

ಅಂಚಿನ ವಾಲನ್ನು ಅವರು ಗಮನಿಸಿರಲಿಲ್ಲ. ದೊಡ್ಡಮ್ಮ ಮೂಲೆಮಟ್ಟವನ್ನು ನಿಧಾನವಾಗಿ ಮತ್ತೆ ಮೊಳೆಗೆ ಸಿಕ್ಕಿಸಿದರು.

"ಈ ಬಿರುಕುಗಳು ಏನು ಬೀಗರೇ?" ಕತ್ತರಿಸಿದ ಅಂಚಿನ ಉದ್ದಕ್ಕೂ ಬೆಳ್ಳಿಯ ಕೂದಲುಗಳಂಥ ಗೆರೆಗಳು ಒಳಕ್ಕೆ ಇಳಿದಿದ್ದವು.

"ಬರುವಾಗಲೇ ಇತ್ತು. ದಾರಿಯಲ್ಲಿ ಏಟು ಬಿದ್ದಿರಬೇಕು. ಮರಿ ನೋಡಿದ್ರೆ ನೊಂದ್ಕೋತಾನೆ. ಅಂಚು ಅಂದ್ರೆ ಅವನಿಗೆ ಜೀವ. ಕೊಯ್ದ ಮೇಲೆ ಬರೀ ನೀರಿನ ಬಟ್ಟೆ, ಬೇರೇನೂ ತಾಗಿಸೋ ಹಾಗಿಲ್ಲ." ಬೀಗರು ಏನನ್ನೋ ನೆನೆದು ನಕ್ಕರು. "ಒಂದ್ಸಲ ಪುಟ್ಟಿ ಇವನಿಗೆ ಸಹಾಯ ಮಾಡ್ತೀನಿ ಅಂತ ಬಿಸಿ ಆರದ ಅಂಚಿಗೆ ಸ್ಪಿರಿಟ್ ಒರೆಸಿಬಿಟ್ಟಿದ್ದಳು. ನೋಡ್ ನೋಡ್ತಾ ಪೂರ್ತಿ ಸೀಳು ಬಿಡ್ತು. ಇದೇನು ನಿನ್ನ ಪೇಷಂಟಾ ಅಂತ ಕೂಗಾಡಿ ಕೋಣೆಯಿಂದ ಓಡಿಸಿದ್ದ. ಆಮೇಲೆ ಇಬ್ಬರೂ ಇಲ್ಲೇ ಕೂತು ನಕ್ಕಿದ್ದೇ ನಕ್ಕಿದ್ದು."

ದೊಡ್ಡಮ್ಮ ಮುಗುಳ್ನಗಬೇಕೆಂದುಕೊಂಡರು. ಮುಖ ಒಪ್ಪಲಿಲ್ಲ. ಮೂಗಿನ ಮೇಲಿದ್ದ ಕನ್ನಡಕದಿಂದ ಸ್ಪಿರಿಟ್ಟಿನ ತಣ್ಣನೆಯ ವಾಸನೆ ಇನ್ನೂ ಬರುತ್ತಿತ್ತು.

ಪುಟ್ಟಿ ಬಂದಾಗ ಮಧ್ಯಾಹ್ನದ ಬಿಸಿಲು ಹಿತ್ತಿಲಿಗೆ ಇಳಿದಿತ್ತು. ಬೀಗರು ಮುಂದಿನ ಕೋಣೆಯಲ್ಲಿ ಮಗನ ಬೂಟುಗಳಿಗೆ ಪಾಲಿಶ್ ತಿಕ್ಕುತ್ತಿದ್ದರು. ಬ್ರಷ್ಷಿನ ಸದ್ದು ಹಿತ್ತಿಲವರೆಗೂ ಕೇಳುತ್ತಿತ್ತು. ದೊಡ್ಡಮ್ಮ ಅಲ್ಲಿನ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಪುಟ್ಟಿ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತಾಗ ಫಲಕವನ್ನು ಇಬ್ಬರ ನಡುವೆ ಇಟ್ಟರು.

"ಅಂಚು ಸೀಳಿದೆ ನೋಡು."

ಪುಟ್ಟಿ ಬೆರಳಾಡಿಸಿದಳು. "ಬರ್ತಾ ಏಟು ಬಿದ್ದಿರಬೇಕು."

"ಏಟು ಬಿದ್ದರೆ ಮೂಲೆ ಚಿಪ್ಪೇಳುತ್ತೆ. ಅಂಚೆಲ್ಲ ಕೂದಲು ಬಿಡಲ್ಲ."

ಮುಂದಿನ ಕೋಣೆಯಲ್ಲಿ ಬ್ರಷ್ಷು ಇನ್ನೊಂದು ಬೂಟಿಗೆ ಹೋಯಿತು. ಪುಟ್ಟಿ ಆ ಸದ್ದನ್ನೇ ಕೇಳುತ್ತ ಕೂತಳು. ಆಮೇಲೆ ಅವಳ ತುಟಿ ಒಂದು ಕಡೆಗೆ ಎಳೆಯಿತು. ನಗೆಯೋ ಅಳುವೋ ತೀರ್ಮಾನವಾಗದೆ ಅಲ್ಲೇ ನಿಂತಿತು.

"ಹೊಗೆ ಕಲೆ ಇತ್ತು ದೊಡ್ಡಮ್ಮ. ಮಾವ ಕೈಯಲ್ಲಿ ಹಿಡೀತಾರಲ್ಲ ಅಂತ ಒರೆಸಿಬಿಟ್ಟೆ. ಒರೆಸಿದ ಮೇಲೆ ನೆನಪಾಯ್ತು. ಎಷ್ಟು ಬೈಸ್ಕೊಂಡಿದ್ದೆ ಇದಕ್ಕೆ. ಇನ್ನೊಂದು ಮಾಡೋಕೆ ಅಷ್ಟು ದಪ್ಪದ ಹಾಳೆ ಇರಲಿಲ್ಲ."

"ಅವರು ಆಸ್ಪತ್ರೆಯಲ್ಲಿದ್ದಾಗ ಮಾಡಿದ್ದಾ?"

"ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ರು. ಡ್ರಿಪ್ ಸೂಜಿ ಕಿತ್ತು ಹಾಕ್ತಿದ್ರು. ಡಾಕ್ಟರು ನನ್ನನ್ನ ಹೊರಗೆ ಕರೆದು, ಇವರಿಗೆ ಬದುಕೋ ಮನಸ್ಸೇ ಇಲ್ಲ ಅಂದ್ರು." ಪುಟ್ಟಿ ಮಂಡಿಗೆ ಗಲ್ಲ ಊರಿದಳು. "ಅವರು ನನಗೋಸ್ಕರ ಎರಡು ಮಾಡಿದ್ರಲ್ಲ. ಬೆರಳೆಲ್ಲ ಸುಟ್ಕೊಂಡು, ನನ್ನ ಮುಂದೆ ಪೇಪರ್ ಓದೋ ನಾಟಕ ಆಡ್ಕೊಂಡು. ಪೇಪರ್ ಎಷ್ಟೋ ಸಲ ತಲೆಕೆಳಗಿರ್ತಿತ್ತು. ನಾನೊಂದು ಮಾಡಿದೆ, ಅಷ್ಟೇ."

ದೊಡ್ಡಮ್ಮ ಅವಳ ಬೆನ್ನಿನ ಮೇಲೆ ಕೈಯಿಟ್ಟರು. ಜಡೆ ಹಾಕುತ್ತಿದ್ದ ಕಾಲದ ಅದೇ ಬೆನ್ನು. ಮೂಳೆ ಕೈಗೆ ಸಿಗುತ್ತಿತ್ತು. ಮಾವನಿಗಾಗಿ ಸೊಸೆ, ಸೊಸೆಗಾಗಿ ಮಾವ. ಒಂದೇ ಯಂತ್ರದ ಮುಂದೆ, ಒಬ್ಬರಿಗೊಬ್ಬರು ಕಾಣದ ಹಾಗೆ. ಇದನ್ನು ಯಾವ ವರದಿಯಲ್ಲಿ ಬರೆಯುವುದು? ಯಾವ ಕಂಪನಿ ಇಂಥ ನಷ್ಟಕ್ಕೆ ಪಾಲಿಸಿ ಕೊಡುತ್ತದೆ?

ಸುಮ್ಮನಿದ್ದುಬಿಡೋಣ ಎಂದುಕೊಂಡರು. ಹಳೆಯ ಚಾಳಿ ಬಿಡಲಿಲ್ಲ.

"ಅವೆರಡು ಮಾವ ಮಾಡಿದ್ದು ಅಂತ ನಿನಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ಪೊಟ್ಟಣ ಬಿಚ್ಚಿದಾಗಲೇ."

"ಚಿತ್ರ ಮುಂಬದಿಗೆ ಇತ್ತಲ್ಲ, ಅದರಿಂದಲಾ?"

"ಅದನ್ನೆಲ್ಲ ನೋಡೋಕೂ ಹೋಗಲಿಲ್ಲ. ನಮ್ಮ ಯಜಮಾನ್ರು ಕಳಿಸೋಕೆ ಸಾಧ್ಯವೇ ಇರಲಿಲ್ಲವಲ್ಲ."

ನಲ್ಲಿಯಲ್ಲಿ ಇವತ್ತು ನೀರಿಲ್ಲ ಎಂದು ಹೇಳುವಷ್ಟು ಸಹಜವಾಗಿ ಹೇಳಿದಳು. ಹೇಳಿ ಮುಗಿದ ಮೇಲೆ, ತಾನು ಹೇಳಿದ್ದು ಅವಳ ಕಿವಿಗೂ ಬಿತ್ತು.

ದೊಡ್ಡಮ್ಮನ ಕೈ ಅವಳ ಬೆನ್ನಿನ ಮೇಲೇ ಇತ್ತು. ಆ ಬೆನ್ನು ಉಸಿರಾಡುವುದನ್ನು ನಿಲ್ಲಿಸಿತು.

ಈ ಒಂದು ವರ್ಷ ಪ್ರತಿ ಬಸ್ ನಿಲ್ದಾಣದಲ್ಲಿ ಗಂಡನ ಫೋಟೋ ಹಿಡಿದು ನಿಂತವಳು ಇವಳೇ. ಇನ್‌ಸ್ಪೆಕ್ಟರ್ ಮೇಜಿನ ಮುಂದೆ, ಬಂದೇ ಬರ್ತಾರೆ ಸರ್, ಎಂದವಳೂ ಇವಳೇ. ಯಂತ್ರಕ್ಕೆ ಲೆನ್ಸು ತರಲು ಹೋಗುತ್ತೇನೆ ಎಂದು ಅವನು ಹೊರಟಾಗ ಕೊನೆಯ ಸಲ ನೋಡಿದವಳು ಕೂಡ.

"ಯಾಕೆ ಸಾಧ್ಯವಿರಲಿಲ್ಲ, ಪುಟ್ಟಿ?"

ಮುಂದಿನ ಕೋಣೆಯಿಂದ ಬೀಗರ ಕೂಗು ಬಂತು. "ಪುಟ್ಟಿ, ಇವನ ಬೂಟಿನ ದಾರ ಎಲ್ಲಿಟ್ಟಿದ್ದೀಯಮ್ಮ?" ಧ್ವನಿಯಲ್ಲಿ ಗೆಲುವು ತುಳುಕುತ್ತಿತ್ತು.

"ಕಪಾಟಿನ ಕೆಳಗಿನ ಖಾನೆ, ಮಾವ. ಬಂದೆ." ಪುಟ್ಟಿಯ ಧ್ವನಿ ಒಂದಿಷ್ಟೂ ಅಲುಗಲಿಲ್ಲ.

ಎದ್ದು ನಿಂತಳು. ಸೀರೆಯ ನೆರಿಗೆ ಸರಿಮಾಡಿಕೊಂಡಳು. ಬಿಸಿಲು ಹಿಂದಿನಿಂದ ಬೀಳುತ್ತಿದ್ದುದರಿಂದ ಅವಳ ಮುಖ ಕಾಣುತ್ತಿರಲಿಲ್ಲ.

"ಈಗ ಕೇಳಿದ್ದು," ಎಂದಳು, "ನನ್ನ ದೊಡ್ಡಮ್ಮನಾ, ಸರ್ವೇಯರ್ರಾ?"

ದೊಡ್ಡಮ್ಮನ ಕಣ್ಣಿಗೆ ಎಲ್ಲ ಮಸುಕಾಯಿತು. ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಒರೆಸಿಕೊಡಲು ಈ ಸಲ ಪುಟ್ಟಿ ಕೈ ಚಾಚಲಿಲ್ಲ.